ವಾಸನೆ ಅಳಿದರೆ ಕೊಳೆ ಅಳಿದೀತೆ?

ಮನುಷ್ಯನ ಪಂಚೇಂದ್ರಿಯಗಳಲ್ಲಿ ಮೂಗಿಗೆ ಒಂದು ವಿಶೇಷ ಅಧಿಕಾರವಿದೆ. ಕಣ್ಣನ್ನು ಮುಚ್ಚಿಕೊಳ್ಳಬಹುದು, ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದು, ಆದರೆ ಉಸಿರಾಡದೆ ಬಹಳ ಹೊತ್ತು ಇರುವಂತಿಲ್ಲ. ಉಸಿರಾಡುವಷ್ಟು ಕಾಲವೂ ಮೂಗು ತನ್ನ ತೀರ್ಪನ್ನು ಕೊಡುತ್ತಲೇ ಇರುತ್ತದೆ. ಹಳಸಿದ ಅನ್ನವನ್ನು, ಕೊಳೆತ ಹಣ್ಣನ್ನು, ಕೆಟ್ಟ ನೀರನ್ನು ದೂರದಿಂದಲೇ ಗುರುತಿಸಿ ಎಚ್ಚರಿಸುವ ಮೂಗು ದೇಹದ ಹೆಬ್ಬಾಗಿಲಿನ ಕಾವಲುಗಾರನಿದ್ದಂತೆ. ಆದರೆ ಕಾವಲುಗಾರನ ಮಾತು ಯಾವಾಗಲೂ ಪೂರ್ಣ ಸತ್ಯವಾಗಿರುವುದಿಲ್ಲ. ನಾರುವುದೆಲ್ಲವೂ ರೋಗವನ್ನು ತರುವುದಿಲ್ಲ. ನಾರದೆ ಇರುವುದೆಲ್ಲವೂ ನಿರ್ಮಲವಾಗಿರುವುದಿಲ್ಲ. ಈ ಸಣ್ಣ ಸತ್ಯವನ್ನು ಅರಿಯಲು ಮಾನವಕುಲ ಲಕ್ಷಾಂತರ ಪ್ರಾಣಗಳನ್ನು ತೆರಬೇಕಾಯಿತು. ಅರಿತ ಮೇಲೆಯೂ ಅದನ್ನು ಮರೆಯುವ ಚಾಳಿ ಹೋಗಿಲ್ಲ. ಊರಿನ ಚರಂಡಿ ನಾರಿದಾಗ ಅದರ ಅಂಚಿಗೆ ಒಂದಿಷ್ಟು ಬಿಳಿಯ ಪುಡಿಯನ್ನು ಎರಚಿ, ವಾಸನೆ ಅಡಗಿತೆಂದ ಕೂಡಲೇ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಈ ಮರೆವಿನ ಒಂದು ರೂಪವೇ ಆಗಿದೆ.

ಈ ಮರೆವಿನ ಕಥೆಯಲ್ಲಿ 1858ನೆಯ ಇಸವಿಯ ಬೇಸಿಗೆಗೆ ಒಂದು ಮುಖ್ಯ ಸ್ಥಾನವಿದೆ. ಆಗ ಲಂಡನ್ ನಗರದ ಮಲಮೂತ್ರಗಳೂ ಕಾರ್ಖಾನೆಗಳ ಕೊಳಚೆಯೂ ನೇರವಾಗಿ ಥೇಮ್ಸ್ ನದಿಯನ್ನು ಸೇರುತ್ತಿದ್ದವು. ಆ ವರ್ಷದ ಜೂನ್ ತಿಂಗಳಿನ ಬಿಸಿಲಿಗೆ ನದಿ ಕುದಿಯುವ ಕೊಪ್ಪರಿಗೆಯಂತೆ ನಾರತೊಡಗಿತು. ನದಿಯ ದಂಡೆಯ ಮೇಲೆಯೇ ಇದ್ದ ಪಾರ್ಲಿಮೆಂಟಿನ ಸದಸ್ಯರಿಗೆ ಸಭೆಯಲ್ಲಿ ಕುಳಿತುಕೊಳ್ಳುವುದೇ ದುಸ್ಸಾಧ್ಯವಾಯಿತು. ಕಿಟಕಿಗಳ ಪರದೆಗಳನ್ನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಅದ್ದಿ ತೂಗುಹಾಕಿದರು. ಚರಂಡಿಗಳ ಬಾಯಿಗೆ ಹೇರಳವಾಗಿ ಸುಣ್ಣವನ್ನೂ ಬ್ಲೀಚಿಂಗ್ ಪುಡಿಯನ್ನೂ ಸುರಿಸಿದರು. ವಾಸನೆ ಸ್ವಲ್ಪ ತಗ್ಗಿತೇ ಹೊರತು ಮೂಲ ಹಾಗೆಯೇ ಉಳಿಯಿತು. ಕೊನೆಗೆ ಪಾರ್ಲಿಮೆಂಟು ಎಚ್ಚೆತ್ತು, ಕೆಲವೇ ವಾರಗಳಲ್ಲಿ ಒಂದು ಕಾನೂನನ್ನು ಮಾಡಿ, ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರನಿಗೆ ನಗರದ ಒಳಚರಂಡಿಯ ಕಾರ್ಯವನ್ನು ಕೈಗೊಳ್ಳಲು ಅಧಿಕಾರವನ್ನೂ ಹಣವನ್ನೂ ಒದಗಿಸಿತು. ಬಡವರ ಕೇರಿಗಳಲ್ಲಿ ಕಾಲರಾ ಬೇನೆ ಸಹಸ್ರಾರು ಜನರನ್ನು ಬಲಿ ತೆಗೆದುಕೊಂಡಾಗ ಅಲುಗಾಡದ ಅಧಿಕಾರ, ದುರ್ವಾಸನೆ ತನ್ನ ಮೂಗಿಗೇ ತಾಗಿದಾಗ ಧಡಕ್ಕನೆ ಎದ್ದು ನಿಂತಿತು.

ಇಲ್ಲಿ ಒಂದು ವಿಪರ್ಯಾಸವಿದೆ. ಆ ಕಾಲದ ವಿದ್ವಾಂಸರಲ್ಲಿ ಬಹುಮಂದಿ ದುರ್ವಾಸನೆಯೇ ರೋಗಕ್ಕೆ ಕಾರಣವೆಂದು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯ ಮಾತ್ರ 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ನೀರು ಕುಡಿದವರಿಗೆ ಕಾಲರಾ ತಗಲಿತೆಂಬುದನ್ನು ಮನೆಮನೆಯ ಲೆಕ್ಕದಿಂದ ತೋರಿಸಿದ್ದ. ರೋಗ ಬರುವುದು ಗಾಳಿಯ ನಾತದಿಂದಲ್ಲ, ಕುಡಿಯುವ ನೀರಿನಲ್ಲಿ ಸೇರಿದ ಮಲದಿಂದ ಎಂಬುದು ಅವನ ವಾದ. ಅವನ ಮಾತಿಗೆ ಸಾಕಷ್ಟು ಮನ್ನಣೆ ದೊರೆಯಲಿಲ್ಲ. ಥೇಮ್ಸ್ ನದಿ ನಾರುತ್ತಿದ್ದ ಆ ಜೂನ್ ತಿಂಗಳಿನಲ್ಲಿಯೇ ಅವನು ತೀರಿಕೊಂಡ. ವಾಸನೆಯನ್ನು ಹೊರಗಟ್ಟಲೆಂದು ಕಟ್ಟಿದ ಒಳಚರಂಡಿ ಕುಡಿಯುವ ನೀರಿನಿಂದ ಮಲವನ್ನು ಬೇರ್ಪಡಿಸಿತು. ಉದ್ದೇಶ ತಪ್ಪಾಗಿದ್ದರೂ ಫಲ ಒಳ್ಳೆಯದಾಯಿತು. 1866ರಲ್ಲಿ ಲಂಡನ್ನಿಗೆ ಕಾಲರಾ ಕೊನೆಯ ಬಾರಿ ದೊಡ್ಡದಾಗಿ ಬಂದಾಗ ಅದು ಹೆಚ್ಚಾಗಿ ಹಾವಳಿ ಮಾಡಿದ್ದು ಹೊಸ ಚರಂಡಿಯ ಕೆಲಸ ಇನ್ನೂ ಮುಗಿಯದಿದ್ದ ಪೂರ್ವಭಾಗದಲ್ಲಿ. ಪುಡಿ ಮಾಡಲಾರದ ಕೆಲಸವನ್ನು ಇಟ್ಟಿಗೆ ಗಾರೆಗಳು ಮಾಡಿದ್ದವು.

ಹಾಗೆಂದು ಆ ಪುಡಿಯನ್ನು ಹೀಗಳೆಯುವುದು ನ್ಯಾಯವಲ್ಲ. ಅದಕ್ಕೆ ಹನ್ನೊಂದು ವರ್ಷ ಮೊದಲು, 1847ರಲ್ಲಿ, ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಅದರ ಮಹಿಮೆಯನ್ನು ಕಂಡಿದ್ದ. ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ವೈದ್ಯರೂ ವಿದ್ಯಾರ್ಥಿಗಳೂ ಹೆರಿಗೆಯ ವಾರ್ಡಿಗೆ ಬರುತ್ತಿದ್ದರು. ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಸಾಬೂನಿನಿಂದ ತೊಳೆದರೂ ಹೋಗದ ಹೆಣದ ವಾಸನೆ ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಹೋಗುತ್ತದೆಂದು ಕಂಡ ಸೆಮ್ಮೆಲ್‌ವೈಸ್, ಎಲ್ಲರೂ ಅದರಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟಪ್ಪಣೆ ಮಾಡಿದ. ಏಪ್ರಿಲ್ ತಿಂಗಳಿನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ತಿಂಗಳಿನಲ್ಲಿ ನೂರಕ್ಕೆ 2ರ ಸಮೀಪಕ್ಕೆ ಇಳಿಯಿತು. ಅವನು ಓಡಿಸಹೊರಟದ್ದು ವಾಸನೆಯನ್ನು. ಸತ್ತದ್ದು ಅವನ ಕಣ್ಣಿಗೆ ಕಾಣದ ರೋಗಾಣುಗಳು. ಒಂದೇ ವಸ್ತು ವಾಸನೆಯನ್ನೂ ರೋಗಾಣುವನ್ನೂ ಏಕಕಾಲದಲ್ಲಿ ಹೇಗೆ ಅಳಿಸಬಲ್ಲುದು? ಇದರ ಉತ್ತರ ಉತ್ಕರ್ಷಣವೆಂಬ ರಾಸಾಯನಿಕ ಕ್ರಿಯೆಯಲ್ಲಿದೆ.

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ಒಲೆಯಲ್ಲಿ ಕಟ್ಟಿಗೆ ಉರಿಯುವುದು, ಇವೆಲ್ಲವೂ ಉತ್ಕರ್ಷಣದ ರೂಪಗಳೇ. ಒಂದು ವಸ್ತುವಿನಿಂದ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುವ ಮತ್ತೊಂದು ವಸ್ತುವಿಗೆ ಉತ್ಕರ್ಷಣಕಾರಿ ಎಂದು ಹೆಸರು. ಕ್ಲೋರಿನ್, ಓಜೋನ್, ಹೈಡ್ರೋಜನ್ ಪೆರಾಕ್ಸೈಡ್, ಪೊಟ್ಯಾಸಿಯಂ ಪರ್ಮಾಂಗನೇಟ್ ಮುಂತಾದವು ಈ ಗುಂಪಿಗೆ ಸೇರಿದವು. ಇವು ದುರ್ವಾಸನೆಯ ಅಣುಗಳನ್ನು ಒಡೆದು ವಾಸನೆಯಿಲ್ಲದ ವಸ್ತುಗಳನ್ನಾಗಿ ಮಾರ್ಪಡಿಸುತ್ತವೆ. ರೋಗಾಣುವಿನ ಮೈಯೂ ಅಂತಹ ಅಣುಗಳಿಂದಲೇ ಆದುದು. ಕ್ಲೋರಿನ್ ನೀರಿನಲ್ಲಿ ಕರಗಿದಾಗ ಉಂಟಾಗುವ ಹೈಪೊಕ್ಲೋರಸ್ ಆಮ್ಲ ರೋಗಾಣುವಿನ ಹೊರಕವಚವನ್ನು ಸುಲಭವಾಗಿ ದಾಟಿ, ಒಳಗಿನ ಜೀವನವ್ಯಾಪಾರವನ್ನು ಕೆಡಿಸಿಬಿಡುತ್ತದೆ. ಈ ಬೆಂಕಿಗೆ ಜ್ವಾಲೆಯಿಲ್ಲ, ಹೊಗೆಯಿಲ್ಲ. ಆದರೆ ಸುಡುವ ಗುಣ ಮಾತ್ರ ಉಂಟು.

ಈ ಗುಣವನ್ನು ನಗರಗಳ ಕುಡಿಯುವ ನೀರಿಗೆ ನಿರಂತರವಾಗಿ ಬಳಸಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ವಿಷಮಶೀತಜ್ವರ ಹಬ್ಬಿದಾಗ ಅಲ್ಲಿನ ನೀರಿಗೆ ಕ್ಲೋರಿನ್ ಸೇರಿಸಲಾಯಿತು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ಅದನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಫ್ರಾನ್ಸಿನ ನೀಸ್ ನಗರ 1906ರಿಂದಲೇ ಓಜೋನನ್ನು ಬಳಸತೊಡಗಿತ್ತು. ಭಾರತದಲ್ಲಿಯೂ ಈ ಪ್ರಯತ್ನ ತಡವಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿ ಕಾಲರಾ ತಡೆಯಲು ಬಾವಿಗಳಿಗೆ ಪರ್ಮಾಂಗನೇಟ್ ಹಾಕುವ ಪದ್ಧತಿಯನ್ನು ಪ್ರಚಾರಕ್ಕೆ ತಂದ. ಆದರೆ ನೀರನ್ನು ನೇರಳೆಗೆಂಪಾಗಿಸುವ ಈ ಹರಳುಗಳಿಗೆ ವಾಸನೆಯನ್ನು ತೆಗೆಯುವ ಶಕ್ತಿ ಇರುವಷ್ಟು ರೋಗಾಣುಗಳನ್ನು ಕೊಲ್ಲುವ ಶಕ್ತಿ ಇಲ್ಲವೆಂಬುದು ಮುಂದೆ ತಿಳಿದುಬಂದು, ಆ ಸ್ಥಾನಕ್ಕೆ ಬ್ಲೀಚಿಂಗ್ ಪುಡಿ ಬಂದಿತು.

ಕ್ಲೋರಿನ್ನಿಗೆ ಉಳಿದವುಗಳಲ್ಲಿ ಇಲ್ಲದ ಒಂದು ಸದ್ಗುಣವಿದೆ. ಓಜೋನ್ ಬಹು ಬಲಶಾಲಿ; ಆದರೆ ಕ್ಷಣಜೀವಿ. ತನ್ನ ಕೆಲಸವನ್ನು ಮುಗಿಸಿ ಮರೆಯಾಗುತ್ತದೆ. ಕ್ಲೋರಿನ್ ಹಾಗಲ್ಲ, ಮೊದಲ ಕೊಳೆಯನ್ನು ಸುಟ್ಟ ಮೇಲೆಯೂ ಸ್ವಲ್ಪ ಭಾಗ ನೀರಿನಲ್ಲಿ ಉಳಿದು, ಮೈಲಿಗಟ್ಟಲೆ ಕೊಳವೆಗಳಲ್ಲಿ ಹರಿದು ಮನೆಯ ನಲ್ಲಿಯನ್ನು ಮುಟ್ಟುವವರೆಗೂ ಬೆಂಗಾವಲಾಗಿ ಬರುತ್ತದೆ. ನಲ್ಲಿಯಲ್ಲಿ ಬೀಳುವ ಪ್ರತಿ ಲೀಟರು ನೀರಿನಲ್ಲಿ ಕಡೆಯ ಪಕ್ಷ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತದ ಮಾನಕ ವಿಧಿಸುವುದು ಇದಕ್ಕಾಗಿಯೇ. ಹಳ್ಳಿಯ ಬಾವಿಗೂ ಈ ರಕ್ಷಣೆ ದೊರೆಯಬಹುದು. ನಾಗಪುರದಲ್ಲಿರುವ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ಜೋಡಿ ಗಡಿಗೆಯ ವಿಧಾನವನ್ನು ನೋಡಬಹುದು. ಒಂದು ಕಿಲೋ ಬ್ಲೀಚಿಂಗ್ ಪುಡಿಯನ್ನು ಎರಡು ಕಿಲೋ ದಪ್ಪ ಮರಳಿನೊಡನೆ ಬೆರೆಸಿ, ಸ್ವಲ್ಪ ತೇವ ಮಾಡಿ, ತೂತಿರುವ ಚಿಕ್ಕ ಗಡಿಗೆಯಲ್ಲಿ ತುಂಬಿ, ಅದನ್ನು ತೂತಿರುವ ಮತ್ತೊಂದು ದೊಡ್ಡ ಗಡಿಗೆಯೊಳಗಿಟ್ಟು ಬಾವಿಯ ನೀರಿನೊಳಗೆ ಇಳಿಬಿಡುತ್ತಾರೆ. ಸಣ್ಣ ಬಾವಿಯೊಂದಕ್ಕೆ ಅದು ಎರಡು ಮೂರು ವಾರಗಳ ಕಾಲ ಹದವಾಗಿ ಕ್ಲೋರಿನ್ ಒದಗಿಸುತ್ತದೆ. ಕುಂಬಾರನ ಗಡಿಗೆಯೂ ವಿಜ್ಞಾನಿಯ ಲೆಕ್ಕಾಚಾರವೂ ಇಲ್ಲಿ ಕೈಜೋಡಿಸಿವೆ.

ಇಷ್ಟು ಉಪಕಾರಿಯಾದ ವಸ್ತುವಿಗೂ ಮಿತಿಯುಂಟು. ಉತ್ಕರ್ಷಣಕಾರಿಗೆ ರೋಗಾಣು ಬೇರೆ, ಕೊಳೆತ ಎಲೆ ಬೇರೆ ಎಂಬ ಭೇದಬುದ್ಧಿಯಿಲ್ಲ. ನೀರಿನಲ್ಲಿ ಕಸ ಹೆಚ್ಚಾಗಿದ್ದರೆ ಅದು ಕಸವನ್ನು ಸುಡುವುದರಲ್ಲಿಯೇ ತನ್ನ ಶಕ್ತಿಯನ್ನು ವ್ಯಯ ಮಾಡಿಬಿಡುತ್ತದೆ; ರೋಗಾಣುಗಳ ಪಾಲಿಗೆ ಏನೂ ಉಳಿಯುವುದಿಲ್ಲ. ನೀರು ಕದಡಿದ್ದರೆ ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಅಡಗಿ ಕುಳಿತುಕೊಳ್ಳುತ್ತವೆ. ಕ್ಲೋರಿನ್ನಿಗೆ ಜಗ್ಗದ ಜೀವಿಗಳೂ ಇವೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಸೋಸುವ ಏರ್ಪಾಟಿನ ಲೋಪದಿಂದ ನಲ್ಲಿಯ ನೀರನ್ನು ಸೇರಿತು. ನೀರಿಗೆ ಕ್ಲೋರಿನ್ ಹಾಕಿದ್ದರೂ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರೆಂದು ಅಂದಾಜು ಮಾಡಲಾಗಿದೆ. ಇನ್ನು 1974ರಲ್ಲಿ ನೆದರ್ಲೆಂಡ್ಸಿನ ರೂಕ್ ಎಂಬ ವಿಜ್ಞಾನಿ, ನೀರಿನಲ್ಲಿರುವ ಸಸ್ಯಮೂಲದ ವಸ್ತುಗಳೊಡನೆ ಕ್ಲೋರಿನ್ ಬೆರೆತಾಗ ಕ್ಲೋರೊಫಾರಂ ಮುಂತಾದ ಅಪಾಯಕರ ವಸ್ತುಗಳು ಅಲ್ಪ ಪ್ರಮಾಣದಲ್ಲಿ ಉಂಟಾಗುತ್ತವೆಂದು ತೋರಿಸಿಕೊಟ್ಟ. ಈ ಭಯದಿಂದ ಕ್ಲೋರಿನ್ನನ್ನೇ ಬಿಟ್ಟುಬಿಡುವುದು ಮೂರ್ಖತನ; ರೋಗಾಣುಗಳಿಂದ ಒದಗುವ ಅಪಾಯ ಇದಕ್ಕಿಂತ ಎಷ್ಟೋ ಪಾಲು ದೊಡ್ಡದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಆದರೆ ಮೊದಲು ಸೋಸಿ, ತಿಳಿಯಾಗಿಸಿ, ಆಮೇಲೆ ಅಳತೆಯರಿತು ಹಾಕಬೇಕೆಂಬ ಪಾಠ ಇದರಲ್ಲಿದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಕ್ಲೋರಿನ್ನಿಗೆ ಅಕ್ಷರಶಃ ಒಪ್ಪುತ್ತದೆ. ನಲ್ಲಿಯ ನೀರಿನಲ್ಲಿ ಪ್ರಾಣವನ್ನು ಉಳಿಸುವ ಈ ಅನಿಲವನ್ನೇ 1915ರಲ್ಲಿ ಈಪ್ರ್ ರಣಾಂಗಣದಲ್ಲಿ ಸೈನಿಕರನ್ನು ಕೊಲ್ಲಲು ಬಳಸಲಾಯಿತು. ಶೌಚಗೃಹ ತೊಳೆಯುವ ಆಸಿಡನ್ನು ಬ್ಲೀಚಿಂಗ್ ಪುಡಿಯೊಡನೆ ಬೆರೆಸಿದರೆ ಅದೇ ಅನಿಲ ಮನೆಯೊಳಗೂ ಏಳುತ್ತದೆ.

ಕುಡಿಯುವ ನೀರಿನಲ್ಲಿ ಹೀಗಾದರೆ, ಕೊಳಚೆಯ ವಿಷಯದಲ್ಲಿ ಪ್ರಶ್ನೆ ಇನ್ನೂ ಜಟಿಲವಾಗುತ್ತದೆ. ಕೊಳಚೆ ನಿಂತಾಗ ಅದರಲ್ಲಿ ಕರಗಿದ್ದ ಆಮ್ಲಜನಕ ಮುಗಿದುಹೋಗುತ್ತದೆ. ಆಗ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಸಲ್ಫೇಟ್ ಲವಣಗಳಿಂದ ಆಮ್ಲಜನಕವನ್ನು ಹೀರಿ, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಗೆಡಹುತ್ತವೆ. ಒಳಚರಂಡಿಯ ಕೊಳವೆಯಲ್ಲಿ ಮೇಲೇರಿದ ಈ ಅನಿಲ ಮತ್ತೊಂದು ಬಗೆಯ ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗಿ ಮಾರ್ಪಟ್ಟು ಕಾಂಕ್ರೀಟನ್ನೇ ತಿಂದುಹಾಕುತ್ತದೆ. ಹೈಡ್ರೋಜನ್ ಪೆರಾಕ್ಸೈಡನ್ನು ಹದವಾಗಿ ಸೇರಿಸಿದರೆ ಈ ಸಲ್ಫೈಡ್ ಗಂಧಕವಾಗಿ ಬೇರ್ಪಡುತ್ತದೆ. ಪೆರಾಕ್ಸೈಡ್ ನೀರಾಗಿ ಉಳಿಯುತ್ತದೆ. ಪರ್ಮಾಂಗನೇಟ್, ಕ್ಲೋರಿನ್ ಕೂಡ ಇದೇ ಕೆಲಸವನ್ನು ಮಾಡಬಲ್ಲವು. ಆದರೆ ಕೊಳಚೆಯಲ್ಲಿ ತುಂಬಿರುವ ಕೊಳೆಯುವ ವಸ್ತು ಉಳಿದೇ ಇರುತ್ತದೆ. ಹಾಕಿದ ರಾಸಾಯನಿಕ ಮುಗಿದೊಡನೆ ನಾತ ಮರಳಿ ಹುಟ್ಟುತ್ತದೆ.

ಈ ತತ್ತ್ವವನ್ನು ಲಂಡನ್ ನಗರವೇ ಎರಡನೆಯ ಬಾರಿ ಕಲಿಯಬೇಕಾಯಿತು. ಬ್ಯಾಜಲ್ಜೆಟ್‌ನ ಚರಂಡಿಗಳು ಕೊಳಚೆಯನ್ನು ನಗರದಿಂದ ಕೆಳಕ್ಕೆ ಸಾಗಿಸಿ ಅದೇ ನದಿಗೆ ಬಿಡುತ್ತಿದ್ದುದರಿಂದ ಅಲ್ಲಿಯೂ ನೀರು ನಾರತೊಡಗಿತು. 1880ರ ದಶಕದಲ್ಲಿ ಪರ್ಮಾಂಗನೇಟಿನಂತಹ ರಾಸಾಯನಿಕಗಳನ್ನು ಸುರಿದು ವಾಸನೆಯನ್ನು ಅಡಗಿಸುವ ಪ್ರಯತ್ನ ನಡೆಯಿತು. ಆ ಕೆಲಸದಲ್ಲಿ ತೊಡಗಿದ್ದ ವಿಲಿಯಂ ಡಿಬ್ಡಿನ್ ಎಂಬ ರಸಾಯನವಿಜ್ಞಾನಿಯೇ ಕೊನೆಗೆ ಬೇರೆ ದಾರಿಯನ್ನು ತೋರಿಸಿದ. ಕೊಳೆಯನ್ನು ತಿಂದು ಕರಗಿಸುವವು ಸೂಕ್ಷ್ಮಜೀವಿಗಳು. ಅವುಗಳನ್ನು ಕೊಲ್ಲುವುದರ ಬದಲು ಸಾಕಷ್ಟು ಗಾಳಿಯನ್ನು ಕೊಟ್ಟು ದುಡಿಸಿಕೊಳ್ಳಬೇಕು ಎಂಬುದು ಅವನ ಅಭಿಪ್ರಾಯ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ವಿಜ್ಞಾನಿಗಳು ಕೊಳಚೆಗೆ ಗಾಳಿ ಊದಿ ಸೂಕ್ಷ್ಮಜೀವಿಗಳ ಕೆಸರನ್ನು ಬೆಳೆಸಿ ಶುದ್ಧೀಕರಿಸುವ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನ ಬಹುತೇಕ ದೊಡ್ಡ ನಗರಗಳ ಕೊಳಚೆ ಶುದ್ಧೀಕರಣ ಘಟಕಗಳಿಗೆ ಇದೇ ಆಧಾರ. ಅಲ್ಲಿಯೂ ನಡೆಯುವುದು ಉತ್ಕರ್ಷಣವೇ. ಆದರೆ ಅಲ್ಲಿನ ಉತ್ಕರ್ಷಣಕಾರಿ ಎಲ್ಲರಿಗೂ ದೊರೆಯುವ ಗಾಳಿಯಲ್ಲಿರುವ ಆಮ್ಲಜನಕ. ಬೆಲೆ ತೆರಬೇಕಾದುದು ಗಾಳಿಗಲ್ಲ, ಅದನ್ನು ಊದುವ ವಿದ್ಯುತ್ತಿಗೆ ಮತ್ತು ಯಂತ್ರವನ್ನು ಕಾಯುವ ನಿಷ್ಠೆಗೆ.

ವಾಸನೆಯನ್ನೇ ಪ್ರಮಾಣವೆಂದು ನಂಬುವುದರಿಂದ ಒದಗುವ ಅತಿ ಘೋರವಾದ ಅನಾಹುತವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪವಿದ್ದಾಗ ಮೂಗಿಗೆ ಬಲವಾಗಿ ನಾರುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ನೂರು ಭಾಗಗಳಷ್ಟಾದರೆ ಮೂಗಿನ ಗ್ರಹಣಶಕ್ತಿಯೇ ಜಡವಾಗಿ ವಾಸನೆ ತಿಳಿಯುವುದಿಲ್ಲ. ಇನ್ನೂ ಹೆಚ್ಚಾದರೆ ಕೆಲವೇ ಉಸಿರುಗಳಲ್ಲಿ ಪ್ರಾಣ ಹೋಗುತ್ತದೆ. ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕನೊಬ್ಬ ಕುಸಿದು ಬೀಳುವುದು, ಅವನನ್ನು ಎತ್ತಲು ಇಳಿದವನೂ ಮೇಲೆ ಬಾರದಿರುವುದು ಹೀಗೆಯೇ. ಅಪಾಯ ಅತಿಯಾದಾಗ ಕಾವಲುಗಾರ ಮೂರ್ಛೆ ಹೋಗಿರುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿಗೂ ಮಲಗುಂಡಿಗೂ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಆದೇಶಿಸಿದೆ. ಆದರೂ ಸಾವುಗಳು ನಿಂತಿಲ್ಲ. ಊರಿನ ನಾತವನ್ನು ತನ್ನ ಮೈಮೇಲೆ ಹೊತ್ತು ಉಳಿದವರ ಮೂಗನ್ನು ಕಾಪಾಡುವವನ ಪ್ರಾಣಕ್ಕೆ ಬೆಲೆ ಕಟ್ಟುವ ಮುನ್ನ, ಅವನನ್ನು ಒಳಗಿಳಿಸದೆಯೇ ಕೆಲಸ ಮಾಡಬಲ್ಲ ಯಂತ್ರಕ್ಕೆ ಬೆಲೆ ತೆರುವುದು ನಾಗರಿಕ ಸಮಾಜದ ಲಕ್ಷಣ.

ಕರ್ನಾಟಕದ ರಾಜಧಾನಿಯೂ ಈ ಪಾಠದಿಂದ ಹೊರತಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆ ದಶಕಗಳ ಕಾಲ ನಗರದ ಕೊಳಚೆಯನ್ನು ನುಂಗಿ ನುಂಗಿ ನೊರೆ ಕಾರಿತು. 2015ರಲ್ಲಿಯೂ 2017ರಲ್ಲಿಯೂ ಅಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ನೀರಿನ ಮೇಲೆ ಬೆಂಕಿ ಎದ್ದ ಸುದ್ದಿ ದೇಶವಿದೇಶಗಳಿಗೆ ಹಬ್ಬಿತು. ಅಂತಹ ಕೆರೆಯನ್ನು ಯಾವ ಪುಡಿಯೂ ಶುದ್ಧಗೊಳಿಸಲಾರದು. ಒಂದು ಕಡೆ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯ ನೀರನ್ನು ಎತ್ತರಕ್ಕೆ ಪಂಪು ಮಾಡಿ ತಂದು, ಸೋಸಿ, ಕ್ಲೋರಿನ್ ಹಾಕಿ ಕುಡಿಯುವ ನಗರ, ಮತ್ತೊಂದು ಕಡೆ ತನ್ನ ಅಂಗಳದ ಕೆರೆಗಳಿಗೇ ಕೊಳಚೆಯನ್ನು ಹರಿಯಬಿಟ್ಟಿತೆಂಬುದು ಆಲೋಚನೆಗೆ ಎಡೆಕೊಡುವ ಸಂಗತಿ.

ಸಣ್ಣ ಊರುಗಳಿಗೆ ಶುದ್ಧೀಕರಣ ಘಟಕವನ್ನು ಕಟ್ಟುವಷ್ಟು ಹಣವೆಲ್ಲಿದೆ, ಪುಡಿಯಾದರೋ ಅಗ್ಗ ಎಂದು ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಪ್ರವಾಹ ಬಂದಾಗ, ವಾಂತಿಭೇದಿ ಹಬ್ಬಿದಾಗ, ಕೊಳವೆ ಒಡೆದಾಗ ಪುಡಿಯೇ ಆಪದ್ಬಂಧು. ಆದರೆ ಆಪದ್ಬಂಧುವನ್ನು ದಿನನಿತ್ಯದ ಸಂಸಾರಕ್ಕೆ ನೆಚ್ಚಿಕೊಳ್ಳಲಾಗದು. ಬ್ಲೀಚಿಂಗ್ ಪುಡಿ ಗಾಳಿಗೂ ತೇವಕ್ಕೂ ತೆರೆದಿಟ್ಟರೆ ತನ್ನ ಸತ್ತ್ವವನ್ನು ಕಳೆದುಕೊಳ್ಳುತ್ತದೆ. ಹಳೆಯ ಮೂಟೆಯಿಂದ ತೆಗೆದು ಗಣ್ಯರು ಬರುವ ದಾರಿಯ ಇಕ್ಕೆಲಗಳಲ್ಲಿ ಎಳೆದ ಬಿಳಿಯ ಗೆರೆ ಬಹುಮಟ್ಟಿಗೆ ರಂಗವಲ್ಲಿಗಿಂತ ಹೆಚ್ಚಿನ ಉಪಯೋಗಕ್ಕೆ ಬಾರದು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ರೋಗ ಹಬ್ಬಿದ ಮೇಲೆ ಪುಡಿ ಎರಚುವುದಕ್ಕಿಂತ ಕುಡಿಯುವ ನೀರಿನ ಕೊಳವೆಯ ಪಕ್ಕದಲ್ಲಿಯೇ ಚರಂಡಿ ಸೋರದಂತೆ ನೋಡಿಕೊಳ್ಳುವುದು ಅಗ್ಗವೂ ಹೌದು, ವಿವೇಕವೂ ಹೌದು.

ಆದುದರಿಂದ ಉತ್ಕರ್ಷಣಕಾರಿಗಳು ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಅವುಗಳ ಸ್ಥಾನ ಯಾವುದು ಎಂಬುದೇ ಪ್ರಶ್ನೆ. ನೀರಿಗೆ ಕೊಳೆ ಸೇರದಂತೆ ತಡೆಯುವುದು ಮೊದಲನೆಯ ಕರ್ತವ್ಯ. ಸೇರಿದ ಕೊಳೆಯನ್ನು ಸೋಸಿಯೂ ಗಾಳಿಯ ಮತ್ತು ಸೂಕ್ಷ್ಮಜೀವಿಗಳ ನೆರವಿನಿಂದಲೂ ಕಳೆಯುವುದು ಎರಡನೆಯದು. ಇಷ್ಟರ ಮೇಲೆಯೂ ಉಳಿದ ಅಪಾಯವನ್ನು ಅಳಿಸಲು ಕ್ಲೋರಿನ್, ಓಜೋನ್, ಪೆರಾಕ್ಸೈಡುಗಳು ಕೊನೆಯ ಕಾವಲಾಗಿ ನಿಲ್ಲಬೇಕು. ಕೊನೆಯ ಕಾವಲುಗಾರನನ್ನೇ ಮೊದಲನೆಯವನನ್ನಾಗಿಯೂ ಏಕಾಕಿಯನ್ನಾಗಿಯೂ ಮಾಡಿದ ಕೋಟೆ ಬಹುಕಾಲ ನಿಲ್ಲದು. ಮೂಗು ದೂರು ಕೊಟ್ಟಾಗ ಮೂಗನ್ನು ಸಮಾಧಾನಪಡಿಸಿ ಸುಮ್ಮನಾಗುವುದು ಸುಲಭ. ಆ ದೂರಿನ ಜಾಡು ಹಿಡಿದು ಮೂಲದವರೆಗೆ ಹೋಗುವುದು ಕಷ್ಟ. ಒಂದು ಊರಿನ ನೈರ್ಮಲ್ಯವನ್ನು ಅಳೆಯಬೇಕಾದುದು ಅದು ವರ್ಷಕ್ಕೆ ಎಷ್ಟು ಮೂಟೆ ಪುಡಿಯನ್ನು ಎರಚಿತೆಂಬುದರಿಂದಲ್ಲ. ಎರಚುವ ಅಗತ್ಯವನ್ನು ಎಷ್ಟರಮಟ್ಟಿಗೆ ಕಡಿಮೆ ಮಾಡಿಕೊಂಡಿತೆಂಬುದರಿಂದ.